ರುಚಿ ನೋಡದೆ ಬಡಿಸಿದ ಬಿಸಿಬೇಳೆಬಾತು

ಡಾಟ್‌ಕಾಂ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲದಲ್ಲಿ ನನ್ನ ಕೆಲಸವೂ ಹೋಯಿತು. ಹೋದರೆ ಹೋಗಲಿ, ಬಿಸಿಬೇಳೆಬಾತು ಮಾಡಲು ಬರುತ್ತದಲ್ಲ ಎಂದು ನಾನು ಧೈರ್ಯವಾಗಿದ್ದೆ.

ಅಮೆರಿಕದ ಸನ್ನಿವೇಲ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಎದುರಿಗೇ ಪೀಟರ್ ಎಂಬ ಇಂಗ್ಲೆಂಡಿನವನ ರೆಸ್ಟೋರೆಂಟು. ಅವನು ಯಾವ ಅಡುಗೆ ಶಾಲೆಗೂ ಹೋದವನಲ್ಲ. ಲೈಬ್ರರಿ ಪುಸ್ತಕ ಓದಿ, ಸೀಯಿಸಿ, ಕರಕಲು ಮಾಡಿ, ಹತ್ತು ವರ್ಷ ಒದ್ದಾಡಿ ತಾನೇ ಕಲಿತವನು. ಸುತ್ತಲಿನ ಆಫೀಸುಗಳು ಖಾಲಿಯಾದಂತೆ ಅವನ ಕುರ್ಚಿಗಳೂ ಖಾಲಿಯಾದವು. ಉಳಿದಿದ್ದ ಒಂದೇ ಕಂಪನಿಯವರು, "ಗುರುವಾರ ಎಂಬತ್ತು ಜನಕ್ಕೆ ಇಂಡಿಯನ್ ಊಟ ಹಾಕು. ಹಿಡಿಸಿದರೆ ದಿನಾ ನಿನ್ನಲ್ಲೇ ಊಟ" ಎಂದಿದ್ದರು. ಅದೂ ತಪ್ಪಿದರೆ ಅವನು ಅಂಗಡಿ ಮುಚ್ಚಬೇಕಿತ್ತು.

"ನಾನಿದ್ದೇನೆ!" ಎಂದೆ. ಪಾಪ, ನಂಬಿದ.

ಮನೆಯಲ್ಲಿ ನನ್ನ ಹೆಂಡತಿ ಸುಧಾ ಗಾಬರಿಯಾದಳು.

"ರೀ, ಭಾನುವಾರ ನೀವು ಬಾತ್ ಮಾಡ್ದಾಗ ಉಪ್ಪು ಹಾಕೋದ್ ಯಾರು?"

"ನೀನು. ಅದೇನ್ ಮಹಾ?"

"ಎಂಬತ್ತು ಜನಕ್ಕೆ ಎಷ್ಟ್ ಹಾಕ್ತೀರಾ?"

"ನಾಲ್ಕು ಜನಕ್ಕೆ ಎರಡು ಚಮಚ, ಎಂಬತ್ತಕ್ಕೆ ನಲವತ್ತು. ಇಂಜಿನಿಯರ್ ಕಣೇ ನಾನು!"

"ನಾನು ಆಫೀಸಿಗೆ ರಜ ಹಾಕಿ ಬರ್ಲಾ?"

"ಏನೂ ಬೇಡ."

ಗುರುವಾರ ಲೆಕ್ಕ ತಪ್ಪದೆ ನಲವತ್ತು ಚಮಚ ಸುರಿದೆ. ರೆಸ್ಟೋರೆಂಟಿನ ಚಮಚ ನಮ್ಮ ಮನೆಯದರ ಎರಡರಷ್ಟಿತ್ತು ಎಂಬುದನ್ನು ಸದರಿ ಇಂಜಿನಿಯರು ಗಮನಿಸಲಿಲ್ಲ. ಬಾತು ಗಟ್ಟಿಯಾಯಿತೆಂದು ನೀರು ಹಾಕಿದೆ. ನೀರು ಹಾಕಿದ್ದಕ್ಕೆ ಇನ್ನೂ ಹತ್ತು ಚಮಚ ಉಪ್ಪು ಹಾಕಿದೆ!

ಪೀಟರ್ ಸೌಟು ಚಾಚಿ, "ರುಚಿ ನೋಡು" ಎಂದ.

ನಾನು ಗಂಭೀರವಾಗಿ, "ನಮ್ಮಲ್ಲಿ ಬಡಿಸುವ ಮುಂಚೆ ರುಚಿ ನೋಡುವಂತಿಲ್ಲ. ಎಂಜಲಾಗುತ್ತದೆ. ನಮ್ಮಜ್ಜಿ ಅರವತ್ತು ವರ್ಷ ಹೀಗೇ ಅಡುಗೆ ಮಾಡಿದಳು" ಎಂದೆ. ಅಜ್ಜಿಗೆ ಅಡುಗೆ ಬರುತ್ತಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ.

ಒಂದು ಸೂಪಿಗೆ ಇಪ್ಪತ್ತು ಸಲ ನಾಲಗೆ ಚಾಚುವ ಪೀಟರ್ ಬೆರಗಾದ. ಟೋಪಿ ತೆಗೆದು ಹೇಳಿದ: "ಹಾಗಾದರೆ ನಾನೂ ನೋಡುವುದಿಲ್ಲ." ಅವನ ಬಾಣಸಿಗ ಜೀವನದಲ್ಲೇ ಅದು ಮೊದಲ ಸಲವಂತೆ.

ಎಂಬತ್ತು ಜನ ಬಂದು ಕೂತರು. ಹಾಸನದ ಹುಡುಗನೊಬ್ಬ ಒಂದು ತುತ್ತು ತಿಂದು ತಟ್ಟೆ ಪಕ್ಕಕ್ಕೆ ಸರಿಸಿದ. ಆಮೇಲೆ ಮೆಲ್ಲಗೆ, "ಸಾರ್, ಇದು ಉಪ್ಪಿನಕಾಯಾ? ಬಾತ್ ಆಮೇಲ್ ಬರುತ್ತಾ?" ಎಂದ.

ಹತ್ತು ನಿಮಿಷದಲ್ಲಿ ಅಂಗಡಿಯ ನೀರೆಲ್ಲ ಖಾಲಿ! ಕಂಪನಿಯ ಮ್ಯಾನೇಜರು ನಕ್ಕು, "ಇಂಟರೆಸ್ಟಿಂಗ್" ಎಂದು ಹೊರಟುಹೋದ. ಈ ದೇಶದಲ್ಲಿ ಊಟಕ್ಕೆ ಆ ಮಾತು ಹೇಳಿದರೆ ಅಲ್ಲಿಗೆ ಕಥೆ ಮುಗಿದಂತೆ.

ಕೊನೆಗೆ ಪೀಟರ್ ತಾನೊಂದು ತಟ್ಟೆ ಬಡಿಸಿಕೊಂಡು, ನನ್ನ ಎದುರೇ ಕೂತು ಪೂರ್ತಿ ತಿಂದ. ಅವನ ಕಣ್ಣಲ್ಲಿ ನೀರು. ಬೈದಿದ್ದರೂ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಮುಂದಿನ ವಾರ ಅವನು ಕುರ್ಚಿಗಳನ್ನು ಲಾರಿಗೆ ಏರಿಸುವಾಗ ಕೈ ಜೋಡಿಸಲು ಹೋದೆ. "ನನ್ನಿಂದಲೇ ಹೀಗಾಯಿತು" ಎಂದೆ.

"ಛೇ, ನೀನಿಲ್ಲದಿದ್ದರೂ ಮುಚ್ಚುತ್ತಿತ್ತು" ಎಂದು ಬೆನ್ನು ತಟ್ಟಿದ. "ಇನ್ನೂ ಮೂರು ತಿಂಗಳು ಎಳೆಯುತ್ತಿತ್ತು, ಅಷ್ಟೆ."

ನನ್ನ ಇಡೀ ವೃತ್ತಿಜೀವನದಲ್ಲಿ ಗಡುವಿಗೆ ಮೊದಲೇ ಮುಗಿಸಿಕೊಟ್ಟ ಪ್ರಾಜೆಕ್ಟು ಅದೊಂದೇ!