ಮಾವನ ಬಂದೂಕಿಗೆ ಎಷ್ಟು ದೊಡ್ಡ ಚುಕ್ಕಿ?

ಸೈನ್ಯದವರ ಬಡಾವಣೆಯಾದ ಕ್ಯಾಂಪಿನಲ್ಲಿ ನನ್ನದೊಂದು ಕ್ರೀಡಾ ಸಾಮಾನಿನ ಅಂಗಡಿ; ಏರ್ ರೈಫಲ್ಲಿನ ಸಾಮಾನೂ ಸಿಗುತ್ತದೆ. ಗಿರಾಕಿಗಳು ನಗಿಸದೆ ಬಿಟ್ಟ ವಾರವೇ ಇಲ್ಲ. ಗಿರಾಕಿ ಸ್ವಂತ ಮಾವನೇ ಆದರಂತೂ ಕೇಳುವುದೇ ಬೇಡ. ಮಾವ ಅಂದರೆ ಹೆಂಡತಿಯ ತಂದೆ. ಖಾನಾಪುರದವರು, ಸೈನ್ಯದಿಂದ ನಿವೃತ್ತರಾದವರು.

ದಸರಾ ಮುಗಿದ ಮೇಲಿನ ಭಾನುವಾರ ಅಲ್ಲಿನ ನಿವೃತ್ತ ಸೈನಿಕರು ಏರ್ ರೈಫಲ್ ಸ್ಪರ್ಧೆ ಇಟ್ಟುಕೊಳ್ಳುತ್ತಾರೆ. ಹೋದ ವರ್ಷ ಮಾವನ ಒಂದು ಗುಂಡೂ ನಡುವೆ ಬೀಳಲಿಲ್ಲ. ಈ ಸಲವೂ ಹಾಗಾದರೆ ಬಂದೂಕನ್ನು ಅಟ್ಟಕ್ಕೆ ಹಾಕುತ್ತೇನೆಂದು ಅತ್ತೆಯ ಮುಂದೆ ಹೇಳಿಬಿಟ್ಟಿದ್ದರು. ಅದಕ್ಕೇ ರೆಡ್ ಡಾಟ್ ಕೊಳ್ಳಲು ಬಂದರು.

೧

ರೆಡ್ ಡಾಟ್ ಏನೆಂದು ಮೊದಲೇ ಹೇಳಬೇಕಿತ್ತು. ಅದು ಬಂದೂಕಿನ ಮೇಲೆ ಕೂರಿಸುವ ಪುಟ್ಟ ಗಾಜಿನ ಕಿಟಕಿ. ಸ್ವಿಚ್ ಹಾಕಿದರೆ ಒಳಗೆ ಕೆಂಪು ಚುಕ್ಕಿ ಕಾಣುತ್ತದೆ. ಅದನ್ನು ಗುರಿಯ ಮೇಲಿಟ್ಟು ಹೊಡೆಯುವುದು. ಚುಕ್ಕಿಯ ಗಾತ್ರಕ್ಕೆ ಎಂಒಎ ಎಂಬ ಅಳತೆಯಿದೆ. ಹತ್ತು ಮೀಟರ್ ದೂರದಲ್ಲಿ ಎರಡರ ಚುಕ್ಕಿ ಕಡಲೆಕಾಳಿನಷ್ಟು ಜಾಗ ಮುಚ್ಚಿದರೆ, ಆರರದು ಕೋಟಿನ ಗುಂಡಿಯಷ್ಟು ಮುಚ್ಚುತ್ತದೆ.

ವಯಸ್ಸಾದ ಕಣ್ಣಿಗೆ ದೊಡ್ಡದೇ ಲೇಸು ಎಂದೆ. ಮಾವ ಕೇಳಲಿಲ್ಲ, ಎರಡರದ್ದೇ ಒಯ್ದರು. ಮೂರನೇ ದಿನಕ್ಕೆ ವಾಪಸ್ ತಂದರು. ಚುಕ್ಕಿಗೆ ಬಾಲ ಬಂದಿದೆಯಂತೆ. ಕಣ್ಣಿನ ದೋಷವಿದ್ದವರಿಗೆ ಹಾಗೆ ಕಾಣುತ್ತದೆ, ಡಾಕ್ಟರಿಗೆ ತೋರಿಸಿ ಎಂದು ಮೆಲ್ಲಗೆ ಹೇಳಿದೆ.

"ನನ್ನ ಕಣ್ಣಿಗೆ ಏನೂ ಆಗಿಲ್ಲ," ಅಂದರು. "ಆಗಿದ್ದು ಚುಕ್ಕಿಗೆ. ಅದನ್ನ ತೋರಸು ಡಾಕ್ಟರಗ."

೨

ಆರರದ್ದನ್ನು ಕೂರಿಸಿಕೊಡಲು ನಾನೇ ಖಾನಾಪುರಕ್ಕೆ ಹೋದೆ. ಹಿತ್ತಲಲ್ಲಿ ಗುರಿಯ ಕಾಗದ ಅಂಟಿಸಿದೆ. ಮೊದಲು ಅತ್ತೆ ಗಾಜಿನೊಳಗೆ ಇಣುಕಿ ನೋಡಿದರು.

"ಗುರಿ ಎಲ್ಲೈತ್ರಿ? ಚುಕ್ಕಿ ಅಷ್ಟ ಕಾಣತೈತಿ."

"ಗುರಿ ಅದರ ಹಿಂದ ಐತಿ," ಎಂದರು ಮಾವ. "ವೈರಿ ಅಡಗಿ ಕುಂತಂಗ. ಹೊಡದರ ಅವಂಗ ತಗಲತೈತಿ."

ಹೊಡೆದರು. ತಗಲಿದ್ದು ಹಿತ್ತಲ ಬಕೆಟ್ಟಿಗೆ.

೩

ಕೊನೆಗೆ ನಾಲ್ಕರದ್ದು ಕೂರಿಸಿ, ಸ್ವಿಚ್ ಎಲ್ಲಿದೆ ಎಂದು ಎರಡೆರಡು ಸಲ ತೋರಿಸಿ ಬಂದೆ.

ಸ್ಪರ್ಧೆಯ ದಿನ ಮಾವ ಹೊಡೆದ ಐದರಲ್ಲಿ ನಾಲ್ಕು ಗುಂಡು ನಡುವೆ ಬಿದ್ದವು. ಬಾಜು ಮನೆಯ ಮರಾಠಿ ಹವಾಲ್ದಾರರು ಬಂದು ಕೈ ಕುಲುಕಿದರು. ಮಾವ ಎಲ್ಲರೆದುರು ನನ್ನ ಬೆನ್ನು ತಟ್ಟಿ, "ನಾಕರ ಚುಕ್ಕಿ ಅಂದ್ರ ಇದು. ಬಾಲ ಇಲ್ಲ, ಏನಿಲ್ಲ," ಅಂದರು.

ನಾನೂ ಹೆಮ್ಮೆಯಿಂದ ಬಂದೂಕು ಎತ್ತಿ ನೋಡಿದೆ. ಸ್ವಿಚ್ಚೇ ಹಾಕಿರಲಿಲ್ಲ. ಆದರೂ ಗಾಜಿನ ನಟ್ಟನಡುವೆ ಕೆಂಪಗೆ ಏನೋ ಇತ್ತು. ಬೆರಳಿನಿಂದ ಮುಟ್ಟಿದೆ, ಬೆರಳಿಗೆ ಹತ್ತಿತು. ಕುಂಕುಮ. ನಮ್ಮ ಕಡೆ ದಸರೆಯ ಖಂಡೇ ಪೂಜೆ, ಅಂದರೆ ಆಯುಧ ಪೂಜೆಯ ದಿನ ಮನೆಯ ಕುಡುಗೋಲಿನಿಂದ ಮಿಕ್ಸರ್‌ವರೆಗೆ ಎಲ್ಲಕ್ಕೂ ವಿಭೂತಿ, ಕುಂಕುಮ ಹಚ್ಚುತ್ತಾರೆ. ಅತ್ತೆ ಬಂದೂಕನ್ನೂ ಬಿಟ್ಟಿರಲಿಲ್ಲ. ತಲೆ ಅಲುಗಿಸದೆ ಹೊಡೆಯುವ ಹಳೆಯ ಸಿಪಾಯಿಗೆ ಆ ಕಲೆಯೇ ಸಾಕಾಗಿತ್ತು. ದೂರದಲ್ಲಿದ್ದ ಅತ್ತೆಯತ್ತ ನೋಡಿದೆ. ಅವರು ಬಾಯಿಗೆ ಸೆರಗು ಹಿಡಿದು ಹೇಳಬೇಡ ಎಂಬಂತೆ ತಲೆಯಾಡಿಸಿದರು. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡೆ. ಬಂದೂಕು ಅಟ್ಟ ಹತ್ತಲಿಲ್ಲ.

ಹದಿನೈದು ದಿನದ ಮೇಲೆ ಮಾವನ ಫೋನ್ ಬಂತು.

"ಚುಕ್ಕಿ ಮಾಸೇತಿ ನೋಡಪಾ. ಬ್ಯಾಟರಿ ಹೊಂಟೈತೇನು?"

"ಅದಕ್ಕ ಬ್ಯಾಟರಿ ಬೇಕಾಗಿಲ್ರಿ ಮಾವಾರ," ಅಂದೆ. "ಬಂದೂಕು ಒಂದ್ ನಿಮಿಷ ಅತ್ತಿಯಾರ ಕೈಯಾಗ ಕೊಡ್ರಿ."