ಹಣೆಗೆ ಅಂಟಿದ ಎರಡು ಅಂಕದ ಪ್ರಶ್ನೆ

ಒಮ್ಮೆ ಕೊಟ್ಟ ಅಂಕವನ್ನು ಬದಲಾಯಿಸುವ ಜಾತಿಯವನಲ್ಲ ನಾನು. ಇಪ್ಪತ್ತೆರಡು ವರ್ಷಗಳಿಂದ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಅಳುವ ಮಕ್ಕಳು, ಗೋಗರೆಯುವ ಪೋಷಕರು, ಹುಬ್ಬು ಗಂಟಿಕ್ಕುವ ಮುಖ್ಯೋಪಾಧ್ಯಾಯಿನಿ, ಯಾರ ಮುಂದೆಯೂ ನನ್ನ ಕೆಂಪು ಪೆನ್ನು ತಲೆಬಾಗಿಲ್ಲ. ನನ್ನ ಮಗಳೇ ನನ್ನ ತರಗತಿಗೆ ಬಂದು ಕೂತ ವರ್ಷ ಮನೆಯಲ್ಲಿ ಗಂಭೀರವಾಗಿ ಘೋಷಿಸಿಬಿಟ್ಟೆ: ಹೊಸ್ತಿಲ ಒಳಗೆ ಅಪ್ಪ, ಹೊರಗೆ ಮೌಲ್ಯಮಾಪಕ!

ಈ ಐತಿಹಾಸಿಕ ಘೋಷಣೆಯ ಹೊತ್ತಿಗೆ ಹೆಂಡತಿ ಯಾರದೋ ರವಿಕೆಗೆ ಕೊಕ್ಕೆ ಹೊಲಿಯುತ್ತಿದ್ದಳು. ತಲೆ ಎತ್ತಲಿಲ್ಲ.

ಕಿರುಪರೀಕ್ಷೆಯಲ್ಲಿ ಅನಿಲ ನಿಯಮಗಳ ಮೇಲೆ ನಾನೇ ಸ್ವತಃ ರಚಿಸಿದ ಪ್ರಶ್ನೆಯೊಂದಿತ್ತು. ಬಿಸಿ ಮಾಡಿದ ಲೋಟವನ್ನು ಚರ್ಮದ ಮೇಲೆ ಕವುಚಿದರೆ, ತಣ್ಣಗಾದಾಗ ಅಂಟಿಕೊಳ್ಳುತ್ತದೆ. ಬಿಡಿಸುವುದು ಹೇಗೆ? ಎರಡು ಅಂಕ. ಉತ್ತರವೂ ನನ್ನದೇ: ಲೋಟವನ್ನು ಮತ್ತೆ ಬಿಸಿ ಮಾಡಬೇಕು. ತಾಪ ಏರಿದರೆ ಒಳಗಿನ ಗಾಳಿಯ ಒತ್ತಡ ಏರುತ್ತದೆ, ಲೋಟ ಬಿಟ್ಟುಕೊಳ್ಳುತ್ತದೆ. ಎಂಥ ಉತ್ತರ! ಬರೆದುಕೊಂಡು ನಾನೇ ಎರಡು ಸಲ ಓದಿದ್ದೆ.

ಮಗಳು ಬರೆದಿದ್ದು ಒಂದೇ ಸಾಲು. "ಅಂಚಿನ ಪಕ್ಕದಲ್ಲಿ ಚರ್ಮವನ್ನು ಬೆರಳಿನಿಂದ ಒತ್ತಿ, ಗಾಳಿ ಒಳಗೆ ಬಿಟ್ಟರೆ ಸಾಕು."

ಸೊನ್ನೆ ಕೊಟ್ಟೆ. ದುಂಡಗೆ, ಕೆಂಪಗೆ.

ವಿಜ್ಞಾನ ಪ್ರದರ್ಶನದ ತಂಡಕ್ಕೆ ಸೇರಲು ನಲವತ್ತು ಅಂಕ ಬೇಕಿತ್ತು. ಅವಳಿಗೆ ಬಂದಿದ್ದು ಮೂವತ್ತೆಂಟು. ಎರಡು ತಿಂಗಳಿಂದ ಮಂಚದ ಕೆಳಗೆ ಸಿರಿಂಜು, ಬಲೂನು, ಸೈಕಲ್ ಪಂಪು ಗುಡ್ಡೆ ಹಾಕಿಕೊಂಡಿದ್ದ ಹುಡುಗಿ ಅವಳು. ಅಂಕಪಟ್ಟಿ ಹತ್ತು ಗಂಟೆಗೆ ಕಚೇರಿಗೆ ಹೋಗಬೇಕು. ಆಗ ಬೆಳಿಗ್ಗೆ ಎಂಟೂವರೆ.

"ಅಪ್ಪಾ, ಚರ್ಮದ ಮೇಲಿರೋ ಲೋಟಾನ ಬಿಸಿ ಮಾಡಿದ್ರೆ ಚರ್ಮದ ಗತಿ ಏನು?"

"ಪ್ರಶ್ನೆಯಲ್ಲಿ ಚರ್ಮದ ಗತಿ ಕೇಳಿಲ್ಲ."

ಅವಳ ಕಣ್ಣು ತುಂಬಿತು. ನನ್ನೊಳಗಿನ ಅಪ್ಪ ಸ್ವಲ್ಪ ಮೆತ್ತಗಾದ. ಮೌಲ್ಯಮಾಪಕ ಅವನ ಬಾಯಿ ಮುಚ್ಚಿಸಿದ. ಅನಿಲ ನಿಯಮದ ಹಿಡಿತವೆಂದರೆ ಏನು, ಅದು ಒಂದು ಬೆರಳಿಗೆ ಬಗ್ಗುವಂಥದ್ದಲ್ಲ, ಈಗಲೇ ಪ್ರಯೋಗ ಮಾಡಿ ತೋರಿಸುತ್ತೇನೆಂದು ಎದ್ದೆ. ಪ್ರಯೋಗಕ್ಕೆ ನುಣುಪಾದ ಜಾಗ ಬೇಕಲ್ಲ? ನನ್ನ ಹಣೆ ವರ್ಷಕ್ಕೊಂದು ಬೆರಳಿನಷ್ಟು ಹಿಂದೆ ಸರಿಯುತ್ತಾ ಈಗ ನೆತ್ತಿ ಮುಟ್ಟಿದೆ. ಇಷ್ಟು ವಿಶಾಲವಾದ ಪ್ರಯೋಗಾಲಯ ನಮ್ಮ ಶಾಲೆಯಲ್ಲೂ ಇಲ್ಲ!

ಚಹಾ ಕುಡಿಯುವ ಗಾಜಿನ ಲೋಟಕ್ಕೆ ಒಲೆಯ ಮೇಲಿನ ಬಿಸಿನೀರು ಹಾಕಿ, ಕುಲುಕಿ ಚೆಲ್ಲಿ, ಹಣೆಯ ನಟ್ಟನಡುವೆ ಒತ್ತಿ ಹಿಡಿದೆ. ನಿಯಮ ಚಾಚೂ ತಪ್ಪದೆ ನಡೆಯಿತು. ಒಳಗಿನ ಗಾಳಿ ತಣಿಯಿತು, ಒತ್ತಡ ಇಳಿಯಿತು, ನನ್ನ ಹಣೆಯ ಚರ್ಮ ಬನ್ನಿನಂತೆ ಲೋಟದೊಳಗೆ ಉಬ್ಬಿತು. ಕೈ ಬಿಟ್ಟೆ. ಲೋಟ ಅಲ್ಲೇ ನಿಂತಿತು, ಕೊಂಬಿನ ಹಾಗೆ.

"ನೋಡಿದ್ಯಾ?" ಎಂದೆ ವಿಜಯೋತ್ಸಾಹದಿಂದ.

"ನೋಡಿದೆ. ಈಗ ತೆಗೀರಿ."

ಎಳೆದೆ. ಬರಲಿಲ್ಲ. ಇನ್ನೂ ಜೋರಾಗಿ ಎಳೆದೆ. ಎಳೆದಷ್ಟೂ ಒಳಗಿನ ಜಾಗ ಹಿಗ್ಗುತ್ತದೆ, ಜಾಗ ಹಿಗ್ಗಿದಷ್ಟೂ ಒತ್ತಡ ಕುಗ್ಗುತ್ತದೆ, ಹಿಡಿತ ಬಿಗಿಯಾಗುತ್ತದೆ. ಬಾಯ್ಲ್‌ನ ನಿಯಮ! ಇಪ್ಪತ್ತೆರಡು ವರ್ಷ ಯಾವ ವಿಜ್ಞಾನಿಗಳ ಗುಣಗಾನ ಮಾಡಿದ್ದೆನೋ ಅವರೇ ಒಟ್ಟಾಗಿ ನನ್ನ ಹಣೆ ಹಿಡಿದು ಜಗ್ಗುತ್ತಿದ್ದರು. ಹುಬ್ಬುಗಳು ಮೇಲೆದ್ದು, ಜಗತ್ತನ್ನೇ ಕಂಡು ಬೆರಗಾದವನ ಮುಖವಾಯಿತು.

ಮಗಳು ತೋರುಬೆರಳು ಎತ್ತಿ ನಿಂತಳು. ಅದನ್ನು ಒತ್ತಲು ಬಿಟ್ಟರೆ ಎರಡು ಅಂಕ ಕೊಟ್ಟಂತೆಯೇ! ಬೇಡವೆಂದೆ.

ಅಷ್ಟರಲ್ಲಿ ಹೆಂಡತಿ ಬಂದಳು. ಕೈಯಲ್ಲಿ ಉಗಿ ಬಿಡುತ್ತಿದ್ದ ಇಸ್ತ್ರಿಪೆಟ್ಟಿಗೆ.

"ಮತ್ತೆ ಬಿಸಿ ಮಾಡ್ಬೇಕು, ಅಲ್ವೇನ್ರೀ? ಸರಿ ಉತ್ತರ ರೆಡಿ ಇದೆ. ಸ್ವಲ್ಪ ಬಗ್ಗಿ."

"ಲೇ, ಅದು ಪರೀಕ್ಷೆಗೆ ಬರೆಯೋ ಉತ್ತರ ಕಣೇ."

"ಎರಡು ಅಂಕದ್ದು ತಾನೇ? ರೇಷ್ಮೆಗೆ ಇಡೋ ಬಿಸಿನೇ ಇಟ್ಟಿದೀನಿ. ಏನೂ ಆಗಲ್ಲ."

ನಾನು ಬಚ್ಚಲುಮನೆಗೆ ಓಡಿದೆ. ಅವಸರದಲ್ಲಿ ಲೋಟ ಬಾಗಿಲ ಚೌಕಟ್ಟಿಗೆ ತಗುಲಿ ಟಣ್ ಎಂದಿತು. ಚಿಲಕ ಹಾಕಿಕೊಂಡೆ. ಕನ್ನಡಿಯಲ್ಲಿ ಒಂಟಿ ಕೊಂಬಿನ ಪ್ರಾಣಿಯೊಂದು ನನ್ನನ್ನೇ ದಿಟ್ಟಿಸುತ್ತಿತ್ತು. ಗಂಟೆ ಒಂಬತ್ತಾಗುತ್ತಿತ್ತು. ಸುತ್ತ ನೋಡಿದೆ. ಯಾರೂ ಇಲ್ಲ. ಕಳ್ಳನಂತೆ ಬೆರಳೆತ್ತಿ ಲೋಟದ ಅಂಚಿನ ಪಕ್ಕದಲ್ಲಿ ಮೆಲ್ಲಗೆ ಒತ್ತಿದೆ.

ಪಚಕ್!

ಅಷ್ಟು ದೊಡ್ಡ ಸದ್ದಾಗುತ್ತದೆಂದು ಯಾವ ಪಠ್ಯಪುಸ್ತಕದಲ್ಲೂ ಬರೆದಿಲ್ಲ. ಲೋಟ ಕೈಗೆ ಬಂತು. ಹೊರಗಿನಿಂದ ಯಾರೋ ಬಾಗಿಲು ಬಡಿದರು.

"ಅಪ್ಪಾ, ಹೇಗೆ ತೆಗೆದ್ರಿ?"

"ಬಿಸಿನೀರು ಹಾಕಿ ತೆಗೆದೆ," ಎಂದೆ, ಧ್ವನಿಯಲ್ಲಿ ಆದಷ್ಟು ಗಾಂಭೀರ್ಯ ತಂದುಕೊಂಡು.

"ಗೀಸರ್ ಸ್ವಿಚ್ಚು ಹೊರಗಡೆ ಇದೆ ರೀ," ಹೆಂಡತಿಯ ದನಿ ತಣ್ಣಗಿತ್ತು. "ಇನ್ನೂ ಹಾಕಿಲ್ಲ."

ಬಾಗಿಲು ತೆರೆದೆ. ಮಗಳು ಉತ್ತರಪತ್ರಿಕೆ ಹಿಡಿದಿದ್ದಳು, ಹೆಂಡತಿ ಕೆಂಪು ಪೆನ್ನು. ಇಪ್ಪತ್ತೆರಡು ವರ್ಷಗಳ ಕೀರ್ತಿ ಬಚ್ಚಲುಮನೆಯ ಹೊಸ್ತಿಲಲ್ಲಿ ಕೊನೆಗೊಂಡಿತು. ಸೊನ್ನೆ ಹೊಡೆದುಹಾಕಿ ಎರಡು ಬರೆದೆ. ಒಟ್ಟು ನಲವತ್ತು. ಪಟ್ಟಿ ಸಮಯಕ್ಕೆ ಸರಿಯಾಗಿ ಕಚೇರಿ ಸೇರಿತು.

ಆದರೆ ಲೋಟ ಬಿಟ್ಟರೂ ಲೋಟದ ಗುರುತು ಬಿಡಲಿಲ್ಲ. ಹಣೆಯ ಮೇಲೆ ನೇರಳೆಗೆಂಪು ಉಂಗುರ; ನಾನು ಹಾಕುವ ಸೊನ್ನೆಗಿಂತ ದುಂಡಗಿತ್ತು. ಹೆಂಡತಿ ಪೌಡರ್ ಬಳಿದು ನೋಡಿದಳು. ಸೊನ್ನೆ ಇನ್ನೂ ಎದ್ದು ಕಂಡಿತು. ಉಣ್ಣೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ತರಗತಿಗೆ ಹೋದೆ. ಹೊರಗೆ ಸುಡುಬಿಸಿಲು.

ಕಿರುಪರೀಕ್ಷೆಯ ಆ ಪ್ರಶ್ನೆಗೆ ಬೆರಳೊತ್ತುವುದೂ ಸರಿಯಾದ ಉತ್ತರ, ಬರೆದುಕೊಳ್ಳಿ ಎಂದೆ. ಯಾರೂ ಬರೆದುಕೊಳ್ಳಲಿಲ್ಲ. ಪುಸ್ತಕದಲ್ಲಿ ಇಲ್ಲವಲ್ಲ ಸರ್ ಎಂದು ಹಿಂದಿನ ಬೆಂಚಿನಿಂದ ಗೊಣಗಾಟ. ಆಗ ಮೊದಲ ಸಾಲಿನಲ್ಲಿ ಮಗಳು ವಿನಯದಿಂದ ಎದ್ದು ನಿಂತಳು.

"ಪ್ರಯೋಗದ ಪುರಾವೆ ಇಲ್ಲದೆ ಏನನ್ನೂ ಒಪ್ಪಬಾರದು ಅಂತ ನೀವೇ ಹೇಳಿಕೊಟ್ಟಿದ್ದೀರಿ ಸರ್."

ಮನೆಯಲ್ಲಿ ಅಪ್ಪ, ಹೊರಗೆ ಸರ್. ನಿಯಮ ನಾನೇ ಮಾಡಿದ್ದು. ಉಸಿರೆಳೆದುಕೊಂಡು ಟೋಪಿ ತೆಗೆದೆ.

ಮರುಕ್ಷಣವೇ ನಲವತ್ತು ಪೆನ್ಸಿಲ್‌ಗಳು ಸರಸರ ಓಡತೊಡಗಿದವು.

"ಅಲ್ಲಾಡಬೇಡಿ ಸರ್," ಎಂದಳು ಮಗಳು ಕೈವಾರ ಹೊರತೆಗೆಯುತ್ತಾ. "ಚಿತ್ರ ಬರೆದು ಭಾಗಗಳನ್ನ ಗುರುತಿಸಬೇಕು."