ಪ್ರಭಾರದ ಮೂರು ಸಹಿಗಳು

ನನ್ನ ಬಗ್ಗೆ ಒಂದು ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ತಲೆಗೂದಲು ಬೆಳ್ಳಗಾಗಿ, ಆಮೇಲೆ ಉದುರಿಯೂ ಹೋಗುವವರೆಗೆ ಕೆಲಸ ಮಾಡಿದವನು ನಾನು. ಪಾಠ ಹೇಳುವುದೊಂದನ್ನು ಬಿಟ್ಟರೆ ಅಲ್ಲಿ ನಾನು ಏನೇನು ಆಗಿದ್ದೆನೋ ಅದನ್ನೆಲ್ಲ ಪ್ರಭಾರದ ಮೇಲೆಯೇ ಆಗಿದ್ದೆ. ಪ್ರಭಾರ ವಿಭಾಗ ಮುಖ್ಯಸ್ಥ, ಪ್ರಭಾರ ಗ್ರಂಥಪಾಲಕ, ಒಂದು ಬೇಸಿಗೆಯಲ್ಲಿ ಪ್ರಭಾರ ಹಾಸ್ಟೆಲ್ ವಾರ್ಡನ್. ಕುರ್ಚಿಯಲ್ಲಿ ಕೂರಬೇಕಾದವರನ್ನು ಇನ್ನೂ ನೇಮಿಸಿಲ್ಲ, ನೇಮಿಸುವವರೆಗೆ ನೀವು ಕೂತಿರಿ ಎನ್ನುವುದಕ್ಕೆ ನಮ್ಮಲ್ಲಿ ಪ್ರಭಾರ ಎನ್ನುತ್ತಾರೆ. ನಾನು ಭಾಷಾವಿಜ್ಞಾನದ ಮೇಷ್ಟ್ರು. ಪದ ಕಂಡರೆ ಬಿಡಿಸಿ ನೋಡದೆ ಇರಲಾರೆ. ಭಾರ ಎಂದರೆ ಹೊರೆ. ಅದರ ಮುಂದೆ 'ಪ್ರ' ಬಂದು ಕೂತರೆ ಹೊರೆ ಇನ್ನಷ್ಟು ಹೆಚ್ಚಬೇಕು. ಹೆಚ್ಚುವುದೇನೋ ನಿಜ, ಆದರೆ ಆ ಹೊರೆಯನ್ನು ಎಲ್ಲಿ ಇಳಿಸಬೇಕೆಂದು ಹೇಳುವ ಅಧಿಕಾರ ಮಾತ್ರ ಪ್ರಭಾರದವನಿಗೆ ಇರುವುದಿಲ್ಲ. ಬನಶಂಕರಿಯ ನಮ್ಮ ಬೀದಿಯಲ್ಲಿ ಎದುರು ಮನೆಯ ಆಂಟಿ ಒಮ್ಮೆ ನನ್ನ ಹೆಂಡತಿ ನಾಗರತ್ನಳನ್ನು, "ಪ್ರಭಾರ ಮುಖ್ಯಸ್ಥರು ಅಂದ್ರೆ ಬರೀ ಮುಖ್ಯಸ್ಥರಿಗಿಂತ ದೊಡ್ಡೋರಾ?" ಎಂದು ಕೇಳಿದರಂತೆ. ಇವಳು ಒಂದಿಷ್ಟೂ ಅಳುಕದೆ, "ಹೂಂ ಮತ್ತೆ, ಮಂತ್ರಿಗಿಂತ ಪ್ರಧಾನಮಂತ್ರಿ ದೊಡ್ಡೋರಲ್ವಾ, ಹಂಗೆ" ಎಂದು ಹೇಳಿ ಬಂದಿದ್ದಳು. ಆ ಬೀದಿಯಲ್ಲಿ ನನಗೆ ಸಿಗುತ್ತಿದ್ದ ಗೌರವಕ್ಕೆ ಅದೇ ಕಾರಣ.

ನಾನೊಬ್ಬನೇ ಪ್ರಭಾರದಲ್ಲಿ ಇದ್ದಿದ್ದರೆ ಅದು ನನ್ನ ಹಣೆಬರಹ ಎಂದು ಸುಮ್ಮನಿರಬಹುದಿತ್ತು. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಕುಲಪತಿಗಳು ಪ್ರಭಾರ, ಕುಲಸಚಿವರು ಪ್ರಭಾರ, ಡೀನರು ಪ್ರಭಾರ. ಇಷ್ಟೆಲ್ಲ ಪ್ರಭಾರಗಳ ನಡುವೆ ಒಂದೇ ಒಂದು ನೀತಿ ಮಾತ್ರ ಖಾಯಂ ಆಗಿತ್ತು: ಪ್ರಭಾರದಲ್ಲಿ ಇರುವವರು ದೈನಂದಿನ ಕೆಲಸ ನೋಡಿಕೊಳ್ಳಬೇಕು, ನೀತಿ ನಿರ್ಧಾರಗಳನ್ನು ತೆಗೆದುಕೊಳ್ಳುವಂತಿಲ್ಲ. ಯಾವುದು ದೈನಂದಿನ, ಯಾವುದು ನೀತಿ ಎನ್ನುವುದನ್ನು ಮಾತ್ರ ಯಾರೂ ಎಲ್ಲೂ ಬರೆದಿರಲಿಲ್ಲ. ಹಾಗೆ ಬರೆಯುವುದೇ ಒಂದು ನೀತಿ ನಿರ್ಧಾರವಾಗುತ್ತದಲ್ಲ. ನಮ್ಮ ಮೊಗಸಾಲೆಯ ಗಡಿಯಾರ ನಿಂತುಹೋದಾಗ ಅದರ ಸೆಲ್ ಬದಲಾಯಿಸುವುದು ದೈನಂದಿನ ಕೆಲಸ ಎಂದು ಕೂಡಲೇ ಬದಲಾಯಿಸಿದರು. ಆದರೂ ಮುಳ್ಳು ಅಲುಗಲಿಲ್ಲ. ಹೊಸ ಗಡಿಯಾರ ತರುವುದು ನೀತಿಯಾಗಬಹುದೇನೋ ಎಂಬ ಅನುಮಾನ ಬಂದು ವಿಷಯ ಮೇಲಕ್ಕೆ ಹೋಯಿತು. ಮೇಲೆ ಇದ್ದವರೂ ಪ್ರಭಾರದವರೇ ಆದ್ದರಿಂದ ಕೆಳಗೆ ಬರಲೇ ಇಲ್ಲ. ನಾವೆಲ್ಲ ಮೊಬೈಲಿನಲ್ಲಿ ಗಂಟೆ ನೋಡುವುದನ್ನು ಕಲಿತೆವು.

ನಮ್ಮ ವಿಭಾಗದ ಕಥೆಯೂ ಹೀಗೆಯೇ. ನಾನು ಸೇರಿದಾಗ ಅಲ್ಲಿ ಮೇಷ್ಟ್ರುಗಳಿಗೆ ಕೂರಲು ಕುರ್ಚಿ ಸಾಲದೆ ಗ್ರಂಥಾಲಯದಿಂದ ಎರವಲು ತರುತ್ತಿದ್ದೆವು. ಒಬ್ಬೊಬ್ಬರೇ ನಿವೃತ್ತರಾದರು. ಅವರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುವುದು ನೀತಿ ನಿರ್ಧಾರ. ಕೊನೆಗೆ ಕುರ್ಚಿಗಳೆಲ್ಲ ಉಳಿದು ನಾನೊಬ್ಬನೇ ಆದೆ. ಮೇಷ್ಟ್ರಾಗಿ ನಾನು ರಜೆ ಬೇಕೆಂದು ಅರ್ಜಿ ಬರೆದು ಮುಖ್ಯಸ್ಥರಿಗೆ, ಅಂದರೆ ನನಗೇ, ಕೊಡುತ್ತಿದ್ದೆ. ಒಂದು ಸಲ ಪರೀಕ್ಷೆಯ ಕೆಲಸ ತಲೆಯ ಮೇಲಿದ್ದಾಗ ಮುಖ್ಯಸ್ಥನಾಗಿ ಯೋಚಿಸಿ ಆ ಮೇಷ್ಟ್ರಿಗೆ ರಜೆ ಇಲ್ಲ ಎಂದು ಬರೆದೆ. ಸಂಜೆ ಮನೆಗೆ ಬಂದು, "ನಮ್ಮ ಹೆಡ್ ಬಹಳ ಕಟ್ಟುನಿಟ್ಟು ಕಣೇ" ಎಂದಾಗ ನಾಗರತ್ನ ನನ್ನ ಹಣೆ ಮುಟ್ಟಿ ನೋಡಿದಳು. ನಗುತ್ತಾ ಹೇಳುತ್ತಿದ್ದೇನೆ, ಆದರೆ ಖಾಲಿ ಕುರ್ಚಿಗಳ ನಡುವೆ ಕೂತು ನನಗೆ ನಾನೇ ಸಭೆಯ ಸೂಚನೆ ಕಳಿಸಿಕೊಳ್ಳುವಾಗ ನಗು ಬರುತ್ತಿರಲಿಲ್ಲ. ಒಂದು ಶಾಸ್ತ್ರ ಕಣ್ಣೆದುರಿಗೇ ಮುಚ್ಚಿಕೊಳ್ಳುತ್ತಿತ್ತು, ಬಾಗಿಲ ಬೀಗದ ಕೈ ನನ್ನ ಜೇಬಿನಲ್ಲಿತ್ತು.

ಆ ವಿಭಾಗದ ಕೊನೆಯ ಸಂಶೋಧನಾ ವಿದ್ಯಾರ್ಥಿನಿ ಹೇಮಾವತಿ. ತಿಲಕ್ ನಗರದ ಹುಡುಗಿ. ಅವಳ ತಾಯಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವ ಕೆಲಸಕ್ಕೆ ಹೋಗುತ್ತಿದ್ದರು. ಮಗಳು ಚಿಕ್ಕವಳಿದ್ದಾಗ ಆಗೀಗ ಜೊತೆಯಲ್ಲಿ ಹೋಗಿ ಗೇಟಿನ ಹತ್ತಿರ ಕೂತು ಹೆಂಗಸರ ಮಾತು ಕೇಳಿಸಿಕೊಂಡಿದ್ದಳು. ಮೊದಲನೆಯ ದಿನ ನನ್ನ ಕೋಣೆಗೆ ಬಂದು, ನಮಸ್ಕಾರವನ್ನೂ ಹೇಳದೆ, ಆ ಹೆಂಗಸರು ಆಡುವ ಒಂದು ವಾಕ್ಯ ಹೇಳಿದಳು. "ಸೂಪರ್ವೈಸರ್ ವಂದುಟ್ಟಾರು, ಜಲ್ದಿ ಕಾಲರ್ ಕೊಡೇ, ದಾರ ಅಯಿಪೋಯಿಂದಿ." ಬಂದವನು ತಮಿಳಿನಲ್ಲಿ ಬಂದ, ಅವಸರ ಉರ್ದುವಿನಲ್ಲಾಯಿತು, ಕಾಲರನ್ನು ಕನ್ನಡದಲ್ಲಿ ಕೇಳಿದ್ದಾಯಿತು, ದಾರ ತೆಲುಗಿನಲ್ಲಿ ಮುಗಿಯಿತು. "ಸಾರ್, ಇದ್ರಲ್ಲಿ ಯಾರೂ ಒಂದು ತಪ್ಪೂ ಮಾಡಲ್ಲ. ಯಾವ ಪದ ಆದ್ಮೇಲೆ ಯಾವ ಭಾಷೆಗೆ ಹಾರಬೇಕು ಅಂತ ಎಲ್ರಿಗೂ ಗೊತ್ತು. ಅದರ ರೂಲ್ಸ್ ಏನು ಅಂತ ನಂಗೆ ಬರೀಬೇಕು" ಎಂದಳು. ನನ್ನ ಮೈಯಲ್ಲಿ ರೋಮಾಂಚನವಾಯಿತು. ನಮ್ಮ ವಿಶ್ವವಿದ್ಯಾಲಯದಲ್ಲಿ ರೂಲ್ಸ್ ಎಂಬ ಮಾತನ್ನು ಇಷ್ಟು ಪ್ರೀತಿಯಿಂದ ಆಡಿದ ಇನ್ನೊಬ್ಬರನ್ನು ನಾನು ಕಂಡಿರಲಿಲ್ಲ.

ವರ್ಷಗಟ್ಟಲೆ ಅವಳು ಗಾರ್ಮೆಂಟ್ಸಿನ ಬಸ್ಸುಗಳಲ್ಲಿ ನಿಂತುಕೊಂಡೇ ಓಡಾಡಿ ಮಾತು ಕಲೆಹಾಕಿದಳು. ಅವಳ ತಾಯಿಗೆ ಭಾಷಾವಿಜ್ಞಾನ ಎಂದರೇನೆಂದು ಗೊತ್ತಿರಲಿಲ್ಲ, ಆದರೆ ಮಗಳ ಹೆಸರಿನ ಮುಂದೆ ಡಾಕ್ಟರ್ ಎಂದು ಬರುತ್ತದೆ ಎನ್ನುವುದು ಚೆನ್ನಾಗಿ ಗೊತ್ತಿತ್ತು. ಅವರು ಅದನ್ನು ಬೀದಿಗೆಲ್ಲ ಮೊದಲೇ ಹೇಳಿಬಿಟ್ಟಿದ್ದರಿಂದ, ಅಕ್ಕಪಕ್ಕದವರು ಮಕ್ಕಳಿಗೆ ಜ್ವರ ಬಂದರೆ ಹೇಮಾವತಿಯ ಮನೆಯ ಬಾಗಿಲು ತಟ್ಟುತ್ತಿದ್ದರು. "ನಾನು ಮಾತಿನ ಡಾಕ್ಟ್ರು ಆಂಟಿ" ಎಂದು ಇವಳು ಹೇಳಿದರೆ, "ಹಂಗಾದ್ರೆ ನಮ್ಮ ಮಗು ಇನ್ನೂ ಮಾತೇ ಆಡ್ತಿಲ್ಲ, ಸ್ವಲ್ಪ ನೋಡಮ್ಮ" ಎನ್ನುತ್ತಿದ್ದರಂತೆ.

ಪ್ರಬಂಧದ ಕೊನೆಯ ಅಧ್ಯಾಯ ಬಾಕಿ ಇರುವಾಗ ನನ್ನ ನಿವೃತ್ತಿ ಹತ್ತಿರ ಬಂತು. ನಿಯಮ ಸ್ಪಷ್ಟವಾಗಿತ್ತು. ಮಾರ್ಗದರ್ಶಕ ನಿವೃತ್ತನಾಗುವ ಮೊದಲು ವಿದ್ಯಾರ್ಥಿಯನ್ನು ಬೇರೆ ಮಾರ್ಗದರ್ಶಕರ ಹೆಸರಿಗೆ ವರ್ಗಾಯಿಸಬೇಕು, ಇಲ್ಲದಿದ್ದರೆ ನೋಂದಣಿ ತಾನಾಗಿಯೇ ರದ್ದು. ಕನ್ನಡ ವಿಭಾಗದ ವಿಮಲಾ ಮೇಡಂ ಸಂತೋಷದಿಂದ ಒಪ್ಪಿದರು. ಇನ್ನು ಉಳಿದದ್ದು ಮೂರು ಸಹಿ: ಮಾರ್ಗದರ್ಶಕನದು, ವಿಭಾಗ ಮುಖ್ಯಸ್ಥನದು, ಡೀನರದು. ಮೊದಲಿನ ಎರಡು ನನ್ನವೇ. ಪ್ರಭಾರ ಡೀನರು ಮಾತ್ರ ಕಾಗದವನ್ನು ನೋಡುತ್ತಲೇ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. "ಬೇರೆ ಡಿಪಾರ್ಟ್‌ಮೆಂಟಿಗೆ ಕಳಿಸೋದು ಪಾಲಿಸಿ ಆಗುತ್ತೇನೋ ಸಾರ್. ಪರ್ಮನೆಂಟ್ ಡೀನ್ ಬರ್ಲಿ" ಎಂದರು. ನಾನು ಪ್ರಭಾರ ಕುಲಸಚಿವರ ಹತ್ತಿರ ಓಡಿದೆ. ಅವರು ಒಳ್ಳೆಯ ಮನುಷ್ಯ. ನನ್ನನ್ನು ಕೂರಿಸಿ ಕಾಫಿ ತರಿಸಿದರು.

"ಇದು ದೈನಂದಿನ ಕೆಲಸಾನೇ ಅಲ್ವಾ ಸಾರ್?" ಎಂದೆ.

"ನೀವೇ ಹೇಳಿ ಮೇಷ್ಟ್ರೇ, ದಿನಾ ಯಾರಾದ್ರೂ ಗೈಡ್ ಚೇಂಜ್ ಮಾಡ್ತಾರಾ?"

"ದಿನಾ ಮಾಡಲ್ಲ."

"ಮತ್ತೆ ಅದು ಹೆಂಗೆ ದೈನಂದಿನ ಆಗುತ್ತೆ?"

ಭಾಷಾವಿಜ್ಞಾನ ಕಲಿಸಿದವನು ನಾನು, ಪದದ ಅರ್ಥ ಹಿಡಿದು ನನ್ನ ಬಾಯಿ ಮುಚ್ಚಿಸಿದವರು ಅವರು. ಕಾಫಿ ಕುಡಿದು ಎದ್ದು ಬಂದೆ.

ನಿವೃತ್ತಿಗೆ ಇನ್ನೇನು ಕೆಲವೇ ದಿನ ಇದೆ ಎನ್ನುವಾಗ ಡೀನರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಆಸ್ಪತ್ರೆಗೆ ಸೇರಿದರು. ಹಿರಿತನದ ಪ್ರಕಾರ ಅವರ ಪ್ರಭಾರ ನನಗೆ ಬಂತು. ಪ್ರಭಾರದ ಪ್ರಭಾರ! ಆದೇಶ ಕೈಗೆ ಬಂದಾಗ ದೇವರು ಇದ್ದಾನೆ ಅನ್ನಿಸಿತು. ಅವತ್ತು ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ಡೀನರ ಕಚೇರಿಯಲ್ಲೇ ಕೂತಿದ್ದ ಹೇಮಾವತಿಯ ಕಾಗದವನ್ನು ತರಿಸಿ ಮೇಜಿನ ಮೇಲೆ ಹರಡಿಕೊಂಡು, ಮಾರ್ಗದರ್ಶಕನಾಗಿ "ಕೋರಿದೆ" ಎಂದು ಸಹಿ ಹಾಕಿದೆ. ಮುಖ್ಯಸ್ಥನಾಗಿ "ಶಿಫಾರಸು ಮಾಡಿದೆ" ಎಂದೆ. ಆಮೇಲೆ ಪಕ್ಕದ ಕಟ್ಟಡದಲ್ಲಿದ್ದ ಡೀನರ ಕೋಣೆಗೆ ನಡೆದುಹೋಗಿ, ಆ ದೊಡ್ಡ ಕುರ್ಚಿಯಲ್ಲಿ ಕೂತು, ಮುಖ್ಯಸ್ಥರ ಶಿಫಾರಸನ್ನು ಗಂಭೀರವಾಗಿ ಇನ್ನೊಮ್ಮೆ ಓದಿ, "ಅನುಮೋದಿಸಿದೆ" ಎಂದು ಬರೆದೆ. ಇಡೀ ಸೇವೆಯಲ್ಲಿ ನಾನು ತೆಗೆದುಕೊಂಡ ಒಂದೇ ಒಂದು ನಿರ್ಧಾರ ಅದು. ಸಂಜೆ ಜಯನಗರದಲ್ಲಿ ಇಳಿದು ಮೈಸೂರು ಪಾಕ್ ಕಟ್ಟಿಸಿಕೊಂಡು ಮನೆಗೆ ಹೋದೆ. ಹೇಮಾವತಿಗೆ ಫೋನು ಮಾಡಿದಾಗ ಹಿಂದಿನಿಂದ ಅವಳ ತಾಯಿ ಯಾರಿಗೋ ಕೂಗಿ ಹೇಳುತ್ತಿದ್ದದ್ದು ಕೇಳಿಸಿತು. ಯಾವ ಭಾಷೆಯಲ್ಲಿ ಎಂದು ಸರಿಯಾಗಿ ಗೊತ್ತಾಗಲಿಲ್ಲ, ಸಂತೋಷದಲ್ಲಿ ಎಲ್ಲವೂ ಕಲೆತುಹೋಗಿತ್ತು.

ನನ್ನನ್ನು ಶಾಲು ಹೊದಿಸಿ, ಹಾರ ಹಾಕಿ ಬೀಳ್ಕೊಟ್ಟರು. ವಿಭಾಗದ ಬೀಗದ ಕೈ ಯಾರಿಗೆ ಕೊಡಬೇಕೆಂದು ಯಾರಿಗೂ ಗೊತ್ತಿಲ್ಲದ್ದರಿಂದ ಸೆಕ್ಯೂರಿಟಿಯವರ ಕೈಗೆ ಕೊಟ್ಟು ಬಂದೆ. ಕೆಲವು ವಾರಗಳಾದ ಮೇಲೆ ಹೇಮಾವತಿ ಫೋನು ಮಾಡಿದಳು. ವರ್ಗಾವಣೆ ಅಸಿಂಧು ಎಂದು ತಿರುಗಿ ಬಂದಿತ್ತು. ಕೋರುವವರು, ಶಿಫಾರಸು ಮಾಡುವವರು, ಅನುಮೋದಿಸುವವರು ಬೇರೆ ಬೇರೆಯಾಗಿರಬೇಕೆಂಬುದು ಒಂದು ನೀತಿಯಂತೆ. ಮೂರು ಹಂತದಲ್ಲಿ ಮೂವರು ಸ್ವತಂತ್ರವಾಗಿ ಯೋಚಿಸಬೇಕಿತ್ತು, ಇಲ್ಲಿ ಒಬ್ಬರೇ ಯೋಚಿಸಿದ್ದಾರೆ. ನಾನು ಆಗಲೇ ನಿವೃತ್ತನಾಗಿದ್ದೆ, ಮತ್ತೆ ಮಾಡಿಸಲು ವಿಭಾಗದಲ್ಲಿ ಯಾರೂ ಇರಲಿಲ್ಲ. ಅವಳ ನೋಂದಣಿ ರದ್ದಾಗಿತ್ತು.

ಮರುದಿನವೇ ನಾನು ಕುಲಸಚಿವರ ಮುಂದೆ ಹೋಗಿ ಕೂತೆ. ಈ ಸಲವೂ ಕಾಫಿ ತರಿಸಿದರು. ಅವರ ಮುಖ ನಿಜವಾಗಿಯೂ ಬಾಡಿತ್ತು. "ಯಾಕೆ ಸಹಿ ಹಾಕಿದ್ರಿ ಮೇಷ್ಟ್ರೇ? ಡೀನ್ ಹತ್ರ ಹಂಗೇ ಬಿಟ್ಟಿದ್ರೆ ಪೆಂಡಿಂಗ್ ಅಂತ ಇರ್ತಿತ್ತು. ಅರ್ಜಿ ಪೆಂಡಿಂಗ್ ಇದ್ರೆ ರಿಜಿಸ್ಟ್ರೇಶನ್ ಕ್ಯಾನ್ಸಲ್ ಆಗಲ್ಲ. ನೀವು ಡಿಸೈಡ್ ಮಾಡಿದ್ದಕ್ಕೇ ರಿಜೆಕ್ಟ್ ಆಯ್ತು" ಎಂದರು. ಅದೆಷ್ಟೋ ವರ್ಷ ಯಾವುದನ್ನೂ ನಿರ್ಧರಿಸದೆ ಯಾರಿಗೂ ಕೇಡು ಮಾಡದೆ ಇದ್ದವನು, ಒಂದು ದಿನ ಧೈರ್ಯ ಮಾಡಿ ಒಬ್ಬ ಹುಡುಗಿಯ ದಾರಿಗೆ ಅಡ್ಡ ಬಿದ್ದಿದ್ದೆ. ಹೊಸದಾಗಿ ಸೇರಿಕೊಳ್ಳಲು ಪ್ರವೇಶ ಪರೀಕ್ಷೆ ಬರೆಯಬಹುದಲ್ಲ ಎಂದೆ. ಆ ಪರೀಕ್ಷೆಗೆ ಅರ್ಜಿ ಕರೆಯುವುದು ನೀತಿ ನಿರ್ಧಾರ ಎಂದು ಅವರು ಮೆಲ್ಲಗೆ ಹೇಳಿದರು. ಆ ದಿನ ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಪಕ್ಕದಲ್ಲಿದ್ದವರು, "ಅಂಕಲ್, ಧೂಳು ಜಾಸ್ತಿ, ಗ್ಲಾಸ್ ಹಾಕ್ಲಾ?" ಎಂದು ಕೇಳಿದರು. ಹಾಕಪ್ಪ ಎಂದೆ.

ಹೇಮಾವತಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬಿಟಿಎಂ ಲೇಔಟಿನ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವ ಕೆಲಸಕ್ಕೆ ಸೇರಿಕೊಂಡಳು. ತಾಯಿಗೆ ಹೇಗೆ ಹೇಳಿದೆ ಎಂದು ಕೇಳಿದಾಗ, "ಇನ್ನೂ ಹೇಳಿಲ್ಲ ಸಾರ್, ಲೇಟಾಗ್ತಿದೆ ಅಂತ ಹೇಳಿದೀನಿ" ಎಂದಳು. ಕೊನೆಯ ಅಧ್ಯಾಯವನ್ನು ಮಾತ್ರ ಅವಳು ನಿಲ್ಲಿಸಲಿಲ್ಲ. ಬರೆದಷ್ಟನ್ನು ಭಾನುವಾರ ನಮ್ಮ ಮನೆಗೆ ತರುತ್ತಿದ್ದಳು, ನಾನು ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೆ. ಇದನ್ನು ಯಾರಿಗೆ ಕೊಡುತ್ತೇವೆ ಎಂಬ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ದಾರ ಮುಗಿಯುವುದು ಯಾಕೆ ತೆಲುಗಿನಲ್ಲೇ ಎಂಬ ಬಗ್ಗೆ ನಮಗೆ ಜೋರು ಜಗಳವಾಗುತ್ತಿತ್ತು. ನಾಗರತ್ನ ಉಪ್ಪಿಟ್ಟು ತಂದಿಟ್ಟು, "ಮೊದ್ಲು ತಿನ್ನಿ, ಆಮೇಲೆ ಕಿತ್ತಾಡಿ" ಎನ್ನುತ್ತಿದ್ದಳು. ನಿಜ ಹೇಳಬೇಕೆಂದರೆ ನನ್ನ ಇಡೀ ಮೇಷ್ಟ್ರುಗಿರಿಯಲ್ಲಿ ಅಷ್ಟು ಚೆನ್ನಾಗಿ ಪಾಠ ನಡೆದದ್ದು ಆ ಭಾನುವಾರಗಳಲ್ಲೇ.

ಮೊನ್ನೆ ಅವಳು ಬಂದಾಗ ಕೈಯಲ್ಲಿ ಬೈಂಡಾದ ಪುಸ್ತಕವಿತ್ತು. ಕಡುನೀಲಿ ರಟ್ಟು, ಮೇಲೆ ಚಿನ್ನದ ಬಣ್ಣದ ಅಕ್ಷರ, ವಿಶ್ವವಿದ್ಯಾಲಯಕ್ಕೆ ಕೊಡುವ ಪ್ರಬಂಧ ಹೇಗಿರಬೇಕೋ ಹಾಗೆಯೇ. ಒಳಗೆ ಮಾರ್ಗದರ್ಶಕರ ಪ್ರಮಾಣಪತ್ರದ ಪುಟವನ್ನೂ ಹಾಕಿಸಿದ್ದಳು. ಆ ಪುಟವನ್ನು ತೆರೆದು ನನ್ನ ಮುಂದಿಟ್ಟು ಪೆನ್ನು ಕೊಟ್ಟಳು.

"ಇದು ನಡೆಯಲ್ಲಮ್ಮ, ನಂಗೆ ಅಧಿಕಾರ ಇಲ್ಲ" ಎಂದೆ.

"ಗೊತ್ತು ಸಾರ್. ಅಮ್ಮಂಗೆ ಎಲ್ಲಾ ಹೇಳಿದೆ. ಆಮೇಲೆ, ಅಷ್ಟು ಬರ್ದಿದೀಯಲ್ಲ, ನಿಮ್ಮ ಮೇಷ್ಟ್ರ ಹತ್ರ ಸೈನ್ ಹಾಕಿಸ್ಕೊಂಡು ಬಾ, ಮನೇಲಿ ಇಟ್ಕೊಳ್ಳೋಣ ಅಂದ್ರು."

"ಹೆಸರಿನ ಕೆಳಗೆ ಏನಂತ ಬರೀಲಿ?"

"ಏನೂ ಬೇಡ ಸಾರ್. ಹೆಸರು ಸಾಕು."

ಪೆನ್ನಿನ ಮುಚ್ಚಳ ತೆಗೆದೆ. ಹುದ್ದೆಯ ಹೆಸರಿಲ್ಲದೆ ನಾನು ಸಹಿ ಹಾಕಿ ಎಷ್ಟು ಕಾಲವಾಗಿತ್ತೋ. ಅಕ್ಷರಗಳು ಸೊಟ್ಟಗೆ ಬಿದ್ದವು. ಕೆಳಗಿನ ಖಾಲಿ ಜಾಗ ಹಾಗೆಯೇ ಉಳಿಯಿತು. ಪುಸ್ತಕವನ್ನು ಎರಡು ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟೆ. ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು. ಆಗ ಅವಳ ತಲೆಯ ಮೇಲೆ ಕೈಯಿಟ್ಟು ಒಳ್ಳೆಯದಾಗಲಿ ಎನ್ನಬೇಕಿದ್ದ ನನ್ನ ಬಾಯಿಂದ ಬಂದ ಮಾತೇ ಬೇರೆ.

"ಆ ಪುಟದ್ದು ಒಂದು ಜೆರಾಕ್ಸ್ ಕೊಡಮ್ಮ, ಫೈಲಿಗೆ ಬೇಕು" ಎಂದೆ.

ಯಾವ ಫೈಲಿಗೆ ಎಂದು ಅವಳು ಕೇಳಲಿಲ್ಲ. ಬೀದಿಯ ಕೊನೆಯ ಅಂಗಡಿಗೆ ಹೋಗಿ ಮಾಡಿಸಿಕೊಂಡು ಬಂದು ಕೊಟ್ಟಳು.